ಮಸ್ಕಿಯಲ್ಲಿ ಯಾರೂ ತಿರುಗದ ದಿನ

ಸಾಲಗುಂದದ ನಿಂಗರಾಜನ ಜೊತೆ ಅವನ ಮಾವ ಗ್ಯಾನಪ್ಪ ನೇರವಾಗಿ ಮಾತಾಡುತ್ತಿರಲಿಲ್ಲ. ನಿಂಗರಾಜ ಮಸ್ಕಿಯ ಮಾವನ ಮನೆಗೆ ಹೋದಾಗಲೆಲ್ಲ ಇಬ್ಬರೂ ಎದುರುಬದುರು ಕೂರುತ್ತಿದ್ದರು. ಗ್ಯಾನಪ್ಪ ಹೆಂಡತಿ ಗಾಳೆಮ್ಮನ ಕಡೆ ಮುಖ ಮಾಡಿ, "ನಿನ್ನ ಅಳಿಯಗ ಚಾ ಬೇಕೇನು ಕೇಳು" ಎನ್ನುತ್ತಿದ್ದ. ನಿಂಗರಾಜನೂ ಅವಳ ಕಡೆಗೇ ತಿರುಗಿ, "ಬೇಕಂತ ಹೇಳ್ರಿ ಅತ್ತಿ" ಎನ್ನುತ್ತಿದ್ದ. ಕೈಚಾಚಿದರೆ ಮುಟ್ಟುವಷ್ಟು ದೂರದ ಮಾತು ಅಡುಗೆಮನೆಯ ಬಾಗಿಲಿನವರೆಗೆ ಹೋಗಿ ಸುತ್ತು ಹಾಕಿ ಬರುತ್ತಿತ್ತು.

ಇದರಲ್ಲಿ ದ್ವೇಷವೇನೂ ಇರಲಿಲ್ಲ. ಗ್ಯಾನಪ್ಪ ಜೀವಮಾನವಿಡೀ ಸರ್ಕಾರಿ ಬಸ್ಸು ಓಡಿಸಿ ನಿವೃತ್ತನಾದವನು. ಗಂಡಸು ಅಂದಮೇಲೆ ಅವನ ಕೈಯಲ್ಲಿ ಸ್ಟೀರಿಂಗ್ ಇರಬೇಕು, ಇಲ್ಲವೇ ಪೆನ್ನು, ಇಲ್ಲವೇ ಲಾಠಿ ಎಂಬುದು ಅವನ ಅಭಿಪ್ರಾಯ. ನಿಂಗರಾಜನ ಕೈಯಲ್ಲಿ ಇವು ಮೂರೂ ನಿಲ್ಲಲಿಲ್ಲ. ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ತೂಕ ಬರೆಯಲು ಸೇರಿದ, ಬಿಟ್ಟ. ಮೊಬೈಲ್ ಅಂಗಡಿ ಹಾಕಿದ, ಅದು ಮುಚ್ಚಿತು. ಕೋಳಿ ಸಾಕಿದ, ಅವು ಸತ್ತವು. ಮಗಳು ಪಂಪಾವತಿ ಮಾತ್ರ ಗಂಡನ ಮೇಲೆ ಎಂದೂ ದೂರು ಹೇಳಲಿಲ್ಲ. ಗ್ಯಾನಪ್ಪನಿಗೆ ಅದೇ ಇನ್ನೂ ಹೆಚ್ಚಿನ ಅನುಮಾನ ತಂದಿತ್ತು.

ಇಂಥ ನಿಂಗರಾಜನಿಗೆ ಈ ವರ್ಷ ಒಂದು ಕೆಲಸ ಸಿಕ್ಕಿತು. ಸಿಂಧನೂರಿನಿಂದ ಮಸ್ಕಿ ಮೇಲೆ ಲಿಂಗಸುಗೂರಿಗೆ ಹೋಗುವ ದೊಡ್ಡ ರಸ್ತೆಯನ್ನು ಹೊಸದಾಗಿ ಮಾಡುವವರಿದ್ದರು. ಅದಕ್ಕೆ ಮೊದಲು ಮೂರೂ ಊರಿನ ಸರ್ಕಲ್ಲುಗಳಲ್ಲಿ ಕ್ಯಾಮೆರಾ ಕಟ್ಟಿ, ಗಾಡಿಗಳು ಯಾವ ಕಡೆಯಿಂದ ಬಂದು ಯಾವ ಕಡೆಗೆ ತಿರುಗುತ್ತವೆ ಎಂದು ನೋಡುವ ಗುತ್ತಿಗೆ ಒಂದು ಖಾಸಗಿ ಕಂಪನಿಗೆ ಸಿಕ್ಕಿತ್ತು. ಕಂಬಕ್ಕೆ ಕ್ಯಾಮೆರಾ ಕಟ್ಟುವುದು, ಕೆಳಗಿನ ಕಪ್ಪು ಪೆಟ್ಟಿಗೆಯೊಳಗಿನ ಬ್ಯಾಟರಿ ಬದಲಿಸುವುದು, ಯಾರೂ ಕದಿಯದಂತೆ ಕಾಯುವುದು ನಿಂಗರಾಜನ ಕೆಲಸ. ಕಂಪನಿಯ ಎಂಜಿನಿಯರ್ ಅನುಪಮಾ ಮೇಡಂ ಅವನನ್ನು ಕೂರಿಸಿಕೊಂಡು ಸ್ಪಷ್ಟವಾಗಿ ಹೇಳಿದ್ದರು:

"ನೋಡ್ರಿ ನಿಂಗರಾಜ, ಈ ಕ್ಯಾಮೆರಾಕ್ಕ ಮುಖ ಬ್ಯಾಡ, ನಂಬರ್ ಬ್ಯಾಡ. ಗಾಡಿ ಬಂತು, ಹೋತು, ಯಾವ ಕಡೆ ತಿರುಗಿತು, ಅಷ್ಟ. ಕಂಪ್ಯೂಟರ್ ಒಂದೊಂದು ಗಾಡಿ ಸುತ್ತ ಒಂದು ಚೌಕ ಗೆರಿ ಎಳೀತೈತಿ, ಎಣಿಸ್ತೈತಿ. ತಿಳೀತಲ್ಲ?"

ನಿಂಗರಾಜ ತಲೆಯಾಡಿಸಿದ್ದ. ತಲೆಯಾಡಿಸುವುದರಲ್ಲಿ ಅವನು ಯಾರಿಗೂ ಕಡಿಮೆ ಇರಲಿಲ್ಲ.

ಸಿಂಧನೂರಿನ ಕೆಲಸ ಸದ್ದಿಲ್ಲದೆ ಮುಗಿಯಿತು. ಅಲ್ಲಿ ಕಂಬದ ತುಂಬ ಹುಟ್ಟುಹಬ್ಬದ ಫ್ಲೆಕ್ಸುಗಳು. ಅವುಗಳ ನಡುವೆ ಕ್ಯಾಮೆರಾ ಯಾರ ಕಣ್ಣಿಗೂ ಬೀಳಲಿಲ್ಲ. ಭತ್ತದ ಲಾರಿಗಳು ಬಂದವು, ಹೋದವು, ಕ್ಯಾಮೆರಾ ಎಣಿಸಿತು. ಯಾರೂ ತನ್ನನ್ನು ಏನೂ ಕೇಳಲಿಲ್ಲವಲ್ಲ ಎಂದು ನಿಂಗರಾಜನಿಗೆ ಸ್ವಲ್ಪ ಬೇಸರವೇ ಆಯಿತು.

ಆ ಬೇಸರ ಮಸ್ಕಿಯಲ್ಲಿ ಕಳೆಯಿತು.

ಮಸ್ಕಿ ಸರ್ಕಲ್ಲಿನಲ್ಲಿ ದೊಡ್ಡ ರಸ್ತೆಯಿಂದ ಊರೊಳಗಿನ ಬಜಾರಕ್ಕೆ ಒಂದು ದಾರಿ, ಸರ್ಕಾರಿ ಆಸ್ಪತ್ರೆಯ ಕಡೆಗೆ ಇನ್ನೊಂದು ದಾರಿ. ಮೂಲೆಯಲ್ಲಿ ದುರುಗೇಶನ ಮಿರ್ಚಿ-ಮಂಡಕ್ಕಿ ಹೋಟೆಲು. ಗ್ಯಾನಪ್ಪ ನಿವೃತ್ತನಾದ ಮೇಲೆ ದಿನಾ ಸಂಜೆ ಅದರ ಹೊರಗಿನ ಬೆಂಚಿನ ಮೇಲೆ ಕೂತು ಹೋಗಿಬರುವ ಡ್ರೈವರುಗಳ ತಪ್ಪು ಹುಡುಕುತ್ತಿದ್ದ. ನಿಂಗರಾಜ ಕ್ಯಾಮೆರಾ ಕಟ್ಟಿ, ಮೈಯೆಲ್ಲ ಧೂಳು ಮಾಡಿಕೊಂಡು ಕಂಬದಿಂದ ಜಾರಿದ್ದು ಸರಿಯಾಗಿ ಮಾವನ ಎದುರಿಗೇ.

"ಏನಣ್ಣಾ ಅದು, ಲೈಟಾ?" ಎಂದು ಆಟೋ ಓಡಿಸುವ ಇಲಿಯಾಸ್ ಕೇಳಿದ.

"ಕ್ಯಾಮೆರಾ. ಗಾಡಿ ಎಣಿಸಾಕ."

"ಗಾಡಿ ಎಣಿಸಾಕ? ಸಂಜಿಮುಂದ ಕುರಿ ಎಣಿಸಿದಂಗ?"

ಹೋಟೆಲು ಗೊಳ್ಳೆಂದು ನಕ್ಕಿತು. ದುರುಗೇಶ ಎಣ್ಣೆಯಿಂದ ಮಿರ್ಚಿ ಎತ್ತುವ ಜಾರಿ ಹಿಡಿದುಕೊಂಡೇ ನಕ್ಕ. ಗ್ಯಾನಪ್ಪ ನಗಲಿಲ್ಲ. ಸುಮ್ಮನೆ ಮುಖ ಕೆಳಗೆ ಹಾಕಿ ಬಸಿಯೊಳಗಿನ ಚಹಾ ನೋಡಿದ. ನಿಂಗರಾಜನಿಗೆ ನಕ್ಕವರ ನಗೆ ತಾಕಲಿಲ್ಲ, ಮಾವ ಚಹಾ ನೋಡಿದ್ದು ತಾಕಿತು.

"ಬರೇ ಎಣಿಸೋದಲ್ಲ," ಎಂದ. "ಅನಾಲಿಸಿಸ್."

"ಹಂಗಂದ್ರ?"

"ಯಾವ ಗಾಡಿ, ಎಲ್ಲಿಂದ ಬಂತು, ಎಲ್ಲಿಗೆ ಹೋತು..."

ಇಲ್ಲಿಯವರೆಗೆ ಹೇಳಿದ್ದೆಲ್ಲ ನಿಜ. ಇಲ್ಲಿಗೆ ಬಾಯಿ ಮುಚ್ಚಿದ್ದರೆ ಈ ಕಥೆಯೂ ಇರುತ್ತಿರಲಿಲ್ಲ, ಊರಿಗೆ ಆ ಫಜೀತಿಯೂ ಬರುತ್ತಿರಲಿಲ್ಲ. ಆದರೆ ಮಾವ ಬಸಿಯಿಂದ ಕಣ್ಣೆತ್ತಿದ್ದ.

"...ಯಾಕ ಹೋತು, ಎಲ್ಲಾ ಗೊತ್ತಾಕೈತಿ," ಎಂದುಬಿಟ್ಟ ನಿಂಗರಾಜ.

ನಗೆ ನಿಂತಿತು.

"ಯಾಕ ಹೋತು ಅನ್ನೋದೂ?" ದುರುಗೇಶ ತಗ್ಗಿದ ದನಿಯಲ್ಲಿ ಕೇಳಿದ.

"ಅದೂ."

"ಯಾರಿಗೆ ಗೊತ್ತಾಕೈತಿ?"

ನಿಂಗರಾಜ ಒಮ್ಮೆ ಕಂಬ ನೋಡಿದ, ಒಮ್ಮೆ ಮಾವನನ್ನು ನೋಡಿದ. ಬಸಿ ತುಟಿಯ ಹತ್ತಿರ ಹೋಗಿ ನಿಂತಿತ್ತು.

"ನನಗ," ಎಂದ.

ಗ್ಯಾನಪ್ಪ ಬಸಿ ಕೆಳಗಿಟ್ಟ. ಬೆಂಚಿನ ಮೇಲೆ ಸರಿದು ಜಾಗ ಮಾಡಿದ. "ಕುಂದರ್ರಿ ಅಳಿಯಾರ," ಎಂದ. ಮದುವೆಯಾದಮೇಲೆ ಮೊದಲ ಸಲ ಅವನ ಮುಖಕ್ಕೇ ಹೇಳಿದ ಮಾತು ಅದು. ಆಮೇಲೆ ದುರುಗೇಶನ ಕಡೆ ತಿರುಗಿ, "ಏ, ಸಾಹೇಬರಿಗೆ ಮಲಾಯಿ ಚಾ ಮಾಡು" ಎಂದ.

ಸುದ್ದಿ ಬಜಾರದೊಳಗೆ ನಡೆದು ಹೋಗಲಿಲ್ಲ, ಆಟೋ ಹತ್ತಿ ಹೋಯಿತು. ಹೋಟೆಲಿನಲ್ಲಿ "ಎಲ್ಲಾ ಗೊತ್ತಾಕೈತಿ" ಎಂದಿದ್ದ ಮಾತು ಬಟ್ಟೆ ಅಂಗಡಿಗೆ ಹೋಗುವಾಗ "ಮನಿಗೆ ನೋಟಿಸ್ ಬರ್ತೈತಿ" ಎಂದಾಯಿತು. ಕಿರಾಣಿ ಅಂಗಡಿಗೆ ಹೋಗುವಾಗ ನೋಟಿಸಿನ ಜೊತೆ ಫೋಟೋ ಸೇರಿತು. ದನದ ಸಂತೆಯ ಕಡೆಗೆ ಮುಟ್ಟುವಾಗ ಫೋಟೋ ಹೆಂಡತಿಯ ಮೊಬೈಲಿಗೆ ಬರುತ್ತದೆ ಎಂದಾಗಿತ್ತು. ಗ್ಯಾನಪ್ಪ ಯಾವುದನ್ನೂ ಅಲ್ಲಗಳೆಯಲಿಲ್ಲ. ಕೇಳಿದವರಿಗೆಲ್ಲ, "ನಮ್ಮ ಅಳಿಯ ಒಂದು ಬಟನ್ ಒತ್ತಬೇಕಷ್ಟ" ಎಂದು ಬೆರಳಿನಿಂದ ಗಾಳಿಯನ್ನು ಒತ್ತಿ ತೋರಿಸಿದ.

ಆ ಸಂಜೆ ಗಾಳೆಮ್ಮ ಬಿಸಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ತುಂಬುಗಾಯಿ ಬದನೇಕಾಯಿ ಮಾಡಿ ಬಡಿಸಿದಳು. ಊಟದ ನಡುವೆ ಸಾಲಗುಂದದಿಂದ ಪಂಪಾವತಿಯ ಫೋನು ಬಂತು.

"ನೀವು ಆಫೀಸರ್ ಆಗೀರಂತ? ಅಪ್ಪ ಫೋನ್ ಮಾಡಿ ಖುಷೀಲೆ ಅಳಾಕತ್ತಿದ್ದ. ನನಗ ಒಂದು ಮಾತು ಹೇಳಬಾರದೇನು?"

"ಏ, ಅದು... ಆಮ್ಯಾಲ ಹೇಳ್ತೀನಿ," ಎಂದು ನಿಂಗರಾಜ ಬದನೇಕಾಯಿ ನುಂಗಿದ.

ಬೆಳಿಗ್ಗೆ ಅವನು ಮುಖ ತೊಳೆಯುವ ಹೊತ್ತಿಗೆ ಅಂಗಳದಲ್ಲಿ ಜನ ಕೂತಿದ್ದರು. ಗೊಬ್ಬರದಂಗಡಿಯವನೊಬ್ಬ ಕಲ್ಲಂಗಡಿ ಹಣ್ಣು ತಂದಿದ್ದ. ನಿನ್ನೆ ತಾನು ಎಡಕ್ಕೆ ತಿರುಗಿದ್ದನ್ನು ಒರೆಸಿ ಬಲಕ್ಕೆ ಮಾಡಬಹುದೇ ಎಂದು ಕೇಳಿದ. ಎಡಕ್ಕೆ ಏನಿತ್ತು ಎಂದು ನಿಂಗರಾಜ ಕೇಳಲಿಲ್ಲ, ಅವನೂ ಹೇಳಲಿಲ್ಲ. ಮುದುಕಮ್ಮ ಎಂಬ ಹಿರಿಯಾಕೆ ಹಸಿ ಶೇಂಗಾ ಕಟ್ಟಿಕೊಂಡು ಬಂದಿದ್ದಳು. ಸರ್ಕಲ್ಲಿನಲ್ಲಿ ಕಳೆದುಹೋದ ತನ್ನ ಹೋತ ಯಾವ ಕಡೆ ತಿರುಗಿತು ಎಂದು ಅವಳಿಗೆ ಗೊತ್ತಾಗಬೇಕಿತ್ತು.

"ಹೋತ ಯಾವಾಗ ಕಳೀತಬೇ?"

"ಹೋದ ವರ್ಷ, ಯಪ್ಪಾ."

"ಕ್ಯಾಮೆರಾ ಹಾಕಿದ್ದ ನಿನ್ನಿ."

"ಹಿಂದಿಂದೂ ನೋಡಾಕ ಬರಂಗಿಲ್ಲೇನು? ನಿಮ್ಮ ಮಾವ ಎಲ್ಲಾ ಬರ್ತೈತಿ ಅಂದಾನಲ್ಲ?"

ಗ್ಯಾನಪ್ಪ ಬಾಗಿಲಲ್ಲಿ ನಿಂತು, "ಸಾಹೇಬರು ನೋಡ್ತಾರ, ಈಗ ನಡೀರಿ" ಎಂದು ಎಲ್ಲರನ್ನೂ ಸಾಗಹಾಕಿದ. ಕಲ್ಲಂಗಡಿ ಮಾತ್ರ ಒಳಗೆ ಹೋಯಿತು.

ನಿಂಗರಾಜ ಸರ್ಕಲ್ಲಿಗೆ ಬಂದು ನೋಡಿದ. ಲಾರಿಗಳಿದ್ದವು, ದೂರದ ಬಸ್ಸುಗಳಿದ್ದವು. ಅವು ಸಿಂಧನೂರಿನ ಕಡೆಯಿಂದ ಬಂದು ಲಿಂಗಸುಗೂರಿನ ಕಡೆಗೆ ನೆಟ್ಟಗೆ ಹೋಗುತ್ತಿದ್ದವು. ಆದರೆ ಮಸ್ಕಿಯ ಒಂದು ಗಾಡಿಯೂ ಇಲ್ಲ. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಇಲಿಯಾಸ್ ಸರ್ಕಲ್ಲಿಗಿಂತ ಬಹಳ ಹಿಂದೆಯೇ ಆಟೋ ನಿಲ್ಲಿಸಿ ಸವಾರಿಗಳನ್ನು ಇಳಿಸುತ್ತಿದ್ದ. ಅವರು ಗಂಟುಮೂಟೆ ಹೊತ್ತು ಸರ್ಕಲ್ ದಾಟಿ ಆಚೆ ನಿಂತ ಇನ್ನೊಂದು ಆಟೋ ಹತ್ತುತ್ತಿದ್ದರು. ಒಬ್ಬಾತ ಬೈಕಿನ ಎಂಜಿನ್ ಆರಿಸಿ, ಇಳಿದು, ಅದನ್ನು ಎಮ್ಮೆಯಂತೆ ಪಕ್ಕದಲ್ಲಿ ನಡೆಸಿಕೊಂಡು, ಕಂಬದ ಕಡೆ ನೋಡದೆ ಸಾಗಿದ. ಉಳಿದವರೆಲ್ಲ ಸರ್ಕಲ್ಲಿನ ಹಿಂದಿನ ಇಕ್ಕಟ್ಟಿನ ಗಲ್ಲಿ ಹಿಡಿದಿದ್ದರು.

ಆ ಗಲ್ಲಿಯಲ್ಲಿ ಹಾಜಿಸಾಬನ ಮನೆ. ಹಾಜಿಸಾಬ ಹಳೆಯ ಕಾಲದ ದರ್ಜಿ, ವಯಸ್ಸಾದವನು, ಸಿಟ್ಟಿನ ಮನುಷ್ಯ. ಬಾಗಿಲ ಮುಂದೆ ಮಂಚ ಹಾಕಿಕೊಂಡು ಮಲಗುವುದು ಅವನ ಹಕ್ಕು. ಆ ದಿನ ಅವನ ಮಂಚದ ಒಂದು ಕಾಲನ್ನು ಟಂಟಂ ಗಾಡಿಯೊಂದು ಮುರಿಯಿತು, ನೀರಿನ ಕೊಡವನ್ನು ಬೈಕೊಂದು ಉರುಳಿಸಿತು. ಅವನು ಕೋಲು ಊರಿಕೊಂಡು ಸರ್ಕಲ್ಲಿಗೇ ಬಂದ.

"ಏ ಕ್ಯಾಮೆರಾ!" ಎಂದು ಕೂಗಿದ. "ನನ್ನ ಗಲ್ಲಿ ಗಲ್ಲಿ ಐತೋ, ಹೈವೇ ಐತೋ? ನಿನ್ನ ಮಶಿನ್ ಬಿಚ್ಚತೀಯೋ, ನಾ ಬಿಚ್ಚಲೋ?"

"ಚಾಚಾ, ಸಿಟ್ಟಾಗಬ್ಯಾಡ್ರಿ, ನಾಳಿ ತನಕ ಅಷ್ಟ."

"ಸಿಟ್ಟಾಗಬ್ಯಾಡ ಅಂತ ಡಾಕ್ಟರೂ ಹೇಳ್ಯಾನ! ಅವನ ಮನಿ ಮುಂದ ಟಂಟಂ ಹೋಗಂಗಿಲ್ಲ, ಅದಕ್ಕ ಹೇಳ್ತಾನ!" ಎಂದು ಹಾಜಿಸಾಬ ಎದೆ ಉಜ್ಜಿಕೊಳ್ಳುತ್ತ ಹೋದ.

ಅವನು ಅತ್ತ ಹೋದ, ಇತ್ತ ಫೋನು ಬಂತು. ಅನುಪಮಾ ಮೇಡಂ.

"ರೀ ನಿಂಗರಾಜ, ಕ್ಯಾಮೆರಾ ಎಲ್ಲಿಗೆ ತಿರುಗಿಸೀರಿ?"

"ಸರ್ಕಲ್ಲಿಗೇ ಐತ್ರಿ ಮೇಡಂ."

"ಮತ್ತ ಗಾಡಿ ಎಲ್ಲಿ ಅದಾವ? ಮುಂಜಾನಿಂದ ಎಲ್ಲಾ ನೆಟ್ಟಗ ಹೊಂಟಾವ. ಒಂದೂ ತಿರುಗವಲ್ದು. ಮಸ್ಕಿ ಮಂದಿಗೆ ಬಜಾರದಾಗ ಕೆಲಸಿಲ್ಲೇನು? ಆಸ್ಪತ್ರಿಗೆ ಯಾರೂ ಹೋಗಂಗಿಲ್ಲೇನು?"

"ಇವತ್ತ ಜರಾ... ಮಂದಿ ಕಮ್ಮಿ ಅದಾರ್ರೀ."

"ಕಮ್ಮಿ ಅಲ್ಲ, ಇಲ್ಲ! ನಾಳಿ ಹೈವೇ ಸಾಹೇಬರು ಬರ್ತಾರ. ಹೊಸ ರಸ್ತಿಗೆ ನಡುವ ಡಿವೈಡರ್ ಬರೋದೈತಿ. ತಿರುಗೋರು ಇದ್ದಲ್ಲಿ ದಾರಿ ಬಿಡ್ತಾರ, ಇಲ್ಲದಲ್ಲಿ ಮುಚ್ಚತಾರ. ಈ ಲೆಕ್ಕ ನೋಡಿದ್ರ ಮಸ್ಕಿ ಸರ್ಕಲ್ ಮುಚ್ಚೇ ಬಿಡ್ತಾರ. ಆಮ್ಯಾಲ ಆ ಊರಿನವರು ಆಸ್ಪತ್ರಿಗೆ ಹೋಗಬೇಕಾದ್ರ ಮೈಲಿಗಟ್ಟಲೆ ಹೋಗಿ ತಿರುಗಿ ಬರಬೇಕು. ಕ್ಯಾಮೆರಾದ ತಪ್ಪೈತೋ ನಿಮ್ಮ ತಪ್ಪೈತೋ, ನಾಳಿ ನಾನ ಬಂದು ನೋಡ್ತೀನಿ. ನಿಮ್ಮದ ಇದ್ರ ಕೆಲಸ ಇಲ್ಲ ಅಂತ ತಿಳಕೊಳ್ರಿ."

ನಿಂಗರಾಜ ಫೋನು ಕಿಸೆಗೆ ಹಾಕಿದ. ಕೆಲಸ ಹೋಗುವುದು ಅವನಿಗೆ ಹೊಸದಲ್ಲ. ಆದರೆ ಒಂದು ಊರಿನ ದಾರಿ ಮುಚ್ಚಿಸಿದ ಹೆಸರು, ಅದೂ ಹೆಂಡತಿಯ ತವರಿನ ದಾರಿ, ಇದು ಹೊಸದು.

ಓಡಿಹೋಗಿ ದುರುಗೇಶನ ಹೋಟೆಲಿನಲ್ಲಿ ನಿಂತು ಕೈಮುಗಿದ. "ಅಣ್ಣಾರ, ನಾ ನಿನ್ನಿ ಹೇಳಿದ್ದು ಸುಳ್ಳು. ಆ ಕ್ಯಾಮೆರಾಕ್ಕ ಏನೂ ಗೊತ್ತಾಗಂಗಿಲ್ಲ. ಎಲ್ಲಾರೂ ಮೊದಲಿನಂಗ ತಿರುಗ್ರಿ."

ದುರುಗೇಶ ಜಾರಿಯಿಂದ ಎಣ್ಣೆ ಝಾಡಿಸಿದ. "ನಿನ್ನಿ ಎಲ್ಲಾ ಗೊತ್ತಾಕೈತಿ ಅಂದಿ, ಇವತ್ತ ಬರ್ರಿ ಅಂತೀದಿ. ಬಲಿ ಹಾಕಿದವ ಹಕ್ಕಿಗೆ ಹಿಂಗ ಕರೀತಾನ."

"ಇಷ್ಟು ಮಂದೀನ ಹಿಡೀಬೇಕಂತ ಪಕ್ಕಾ ಟಾರ್ಗೆಟ್ ಕೊಟ್ಟಾರ ಇವಗ," ಎಂದ ಇಲಿಯಾಸ್. ಇಡೀ ಹೋಟೆಲು ಕರುಣೆಯಿಂದ ತಲೆಯಾಡಿಸಿತು.

ಕೊನೆಗೆ ನಿಂಗರಾಜ ಮಾವನ ಮುಂದೆ ಕೂತ. ಡಿವೈಡರಿನ ವಿಷಯ ಹೇಳಿದ, ಆಸ್ಪತ್ರೆಯ ದಾರಿ ಹೇಳಿದ. ತಾನು ಬ್ಯಾಟರಿ ಬದಲಿಸುವವನು ಎಂಬುದನ್ನು ಮಾತ್ರ ಹೇಳಲು ಬಾಯಿ ತೆರೆದ, ಮುಚ್ಚಿದ. ಗ್ಯಾನಪ್ಪ ಹೆಗಲ ಮೇಲಿನ ಟವೆಲು ಕೊಡವಿ ಎದ್ದ.

"ತಿರುಗೋರು ಬೇಕು, ಅಷ್ಟ ಹೌದಲ್ಲ? ಇಡೀ ಜೀವಮಾನ ಬಸ್ ತಿರುಗಿಸೀನಿ ಅಳಿಯಾರ. ನಾಳಿ ಊರ ತಿರುಗಸ್ತೀನಿ."

ಬೇಡ ಎನ್ನಲು ನಿಂಗರಾಜ ಎದ್ದ. ಆದರೆ ಮಾವ ಆಗಲೇ ಚಪ್ಪಲಿ ಮೆಟ್ಟಿದ್ದ.

ಮರುದಿನ ಬೆಳಿಗ್ಗೆ ಮಸ್ಕಿಯಲ್ಲಿ ಚಕ್ರವಿದ್ದದ್ದೆಲ್ಲ ಸರ್ಕಲ್ಲಿಗೆ ಬಂತು. ಸರ್ಕಾರ ದಾರಿ ಮುಚ್ಚುತ್ತದಂತೆ, ಯಾರು ಎಷ್ಟು ಸಲ ತಿರುಗುತ್ತಾರೋ ದಾರಿ ಅಷ್ಟು ಅಗಲ ಬಿಡುತ್ತದಂತೆ ಎಂದು ಗ್ಯಾನಪ್ಪ ಮನೆಮನೆಗೆ ಹೇಳಿಬಂದಿದ್ದ. ಟ್ರ್ಯಾಕ್ಟರುಗಳು ಬಂದವು, ಖಾಲಿ ಟ್ರೇಲರ್ ಎಳೆದುಕೊಂಡೇ ಬಂದವು. ಟಂಟಂಗಳು, ಹಾಲಿನ ಕ್ಯಾನಿನ ಬೈಕುಗಳು, ತಳ್ಳುಬಂಡಿಗಳು, ಒಂದು ಜೆಸಿಬಿ. ಮದುವೆ ಬ್ಯಾಂಡಿನ ಗಾಡಿಯವನು ಕೆಲಸವಿಲ್ಲದ್ದಕ್ಕೆ ಬಂದಿದ್ದವನು, ಬಂದಮೇಲೆ ಸುಮ್ಮನಿರಲಾರದೆ ಸ್ಪೀಕರನ್ನೂ ಹಚ್ಚಿದ. ಎಲ್ಲರೂ ಬಲಕ್ಕೆ ತಿರುಗಿದರು. ತಿರುಗಿದವರು ಸುತ್ತಿ ಬಂದು ಮತ್ತೆ ತಿರುಗಿದರು. ಗ್ಯಾನಪ್ಪ ನಡುವೆ ನಿಂತು ಬಾಯಲ್ಲಿ ಸೀಟಿ ಕಚ್ಚಿಕೊಂಡು, "ಬಲಕ್ಕ! ಬಲಕ್ಕ! ಏ ಜೆಸಿಬಿ, ನೀ ಇನ್ನೊಂದ ಸಲ!" ಎಂದು ಕೈ ಬೀಸುತ್ತಿದ್ದ.

ಹೊತ್ತು ಏರುವುದರೊಳಗೆ ತಿರುಗುವುದು ನಿಂತಿತು, ಏಕೆಂದರೆ ಅಲುಗಾಡುವುದೇ ನಿಂತಿತು. ನಾಲ್ಕು ಕಡೆಯ ಗಾಡಿಗಳು ಒಂದಕ್ಕೊಂದು ಮೂಗು ತಾಗಿಸಿ ನಿಂತವು. ಹಾರ್ನುಗಳ ಮೇಲೆ ಹಾರ್ನು. ಸಿಂಧನೂರು ಕಡೆಯ ಲಾರಿಗಳ ಸಾಲು ಊರಾಚೆಗೆ ಬೆಳೆಯಿತು. ಬಿಸಿಲು ನೆತ್ತಿಗೆ ಬಂದಿತ್ತು. ಕಂಬದ ಬುಡದಲ್ಲಿ ನಿಂತ ನಿಂಗರಾಜನ ಕಿಸೆಯಲ್ಲಿ ಫೋನು ನಡುಗುತ್ತಲೇ ಇತ್ತು, ತೆಗೆಯಲು ಧೈರ್ಯವಿರಲಿಲ್ಲ.

ಆಗ ಗಲ್ಲಿಯ ಬಾಯಿಂದ ಇಲಿಯಾಸನ ಕೂಗು ಕೇಳಿತು. ಅದು ತಮಾಷೆಯ ಕೂಗಾಗಿರಲಿಲ್ಲ.

"ನಿಂಗರಾಜಣ್ಣಾ! ದಾರಿ ಬಿಡಸು! ಚಾಚಾಗ ಎದಿ ಹಿಡಿದೈತಿ!"

ಆಟೋದ ಹಿಂದಿನ ಸೀಟಿನಲ್ಲಿ ಹಾಜಿಸಾಬ ಹೆಂಡತಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ. ನಿನ್ನೆ ಕೋಲು ಊರಿದ್ದ ಕೈ ಜೋತುಬಿದ್ದಿತ್ತು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು, ಅಂಗಿ ಬೆವರಿನಲ್ಲಿ ತೊಯ್ದಿತ್ತು. ಆಸ್ಪತ್ರೆ ಅಲ್ಲೇ, ಸರ್ಕಲ್ ದಾಟಿ ಬಲಕ್ಕೆ ತಿರುಗಿದರೆ ಕಾಣುತ್ತದೆ. ಆಟೋ ಬಿಟ್ಟು ಹೊತ್ತುಕೊಂಡು ಹೋಗೋಣವೆಂದರೆ ಗಾಡಿಗಳ ನಡುವೆ ಮನುಷ್ಯನನ್ನು ಹೊತ್ತು ಸಾಗುವಷ್ಟು ಸಂದಿಲ್ಲ.

ನಿಂಗರಾಜ ಎದುರಿನ ಹಸಿರು ಟ್ರ್ಯಾಕ್ಟರಿನವನ ಕಾಲು ಹಿಡಿದು ಜಗ್ಗಿದ. "ಹಿಂದ ತಗೋ! ಹಿಂದ ತಗೋ ಮಾರಾಯಾ!"

"ನಂದಿನ್ನಾ ಲೆಕ್ಕಕ್ಕ ಬಂದಿಲ್ರೀ ಸಾಹೇಬ್ರ. ಒಂದ ಸಲ ತಿರುಗಿ ಹೋಗ್ತೀನಿ."

"ಮನುಷ್ಯಾ ಸಾಯಾಕತ್ತಾನ!"

ಹಾರ್ನು, ಬ್ಯಾಂಡು, ಸೀಟಿ. ಅವನ ಮಾತು ಪಕ್ಕದ ಗಾಡಿಯವನಿಗೇ ಕೇಳಲಿಲ್ಲ. ಓಡಿಹೋಗಿ ಕಪ್ಪು ಪೆಟ್ಟಿಗೆ ತೆಗೆದು ವೈರು ಕಿತ್ತ. "ಕ್ಯಾಮೆರಾ ಬಂದ್ ಆತು! ಇನ್ನ ಲೆಕ್ಕಿಲ್ಲ, ಹಿಂದ ಸರೀರಿ!" ಎಂದು ಗಂಟಲು ಹರಿಯುವಂತೆ ಕೂಗಿದ.

"ನಿನ್ನಿನೂ ಹಿಂಗ ಅಂದಿದ್ದಿ!" ಎಂದು ಹೋಟೆಲಿನಿಂದ ದುರುಗೇಶ ಕೂಗಿದ. ಯಾರೂ ಕದಲಲಿಲ್ಲ. ಕ್ಯಾಮೆರಾ ಮೇಲಿನಿಂದ ಎಲ್ಲರನ್ನೂ ನೋಡುತ್ತಲೇ ಇತ್ತು.

ನಿಂಗರಾಜ ಚಪ್ಪಲಿ ಬಿಟ್ಟ. ಕಾದ ಕಬ್ಬಿಣದ ಕಂಬವನ್ನು ತಬ್ಬಿಕೊಂಡು ಏರತೊಡಗಿದ. ಅಂಗೈ ಸುಟ್ಟಿತು, ಎರಡು ಸಲ ಜಾರಿದ, ಮೊಣಕಾಲು ಸುಲಿಯಿತು. ಜನ ತಲೆಯೆತ್ತಿ ನೋಡಿದರು. ತುದಿಗೆ ಹೋಗಿ, ಒಂದು ಕೈಯಲ್ಲಿ ಕಂಬ ಹಿಡಿದು, ಇನ್ನೊಂದು ಕೈಯಲ್ಲಿ ಅಂಗಿಯ ಗುಂಡಿ ಹರಿದು, ಅಂಗಿ ಬಿಚ್ಚಿ ಕ್ಯಾಮೆರಾದ ಮೇಲೆ ಹಾಕಿದ. ಕಾಲಿನಿಂದ ಕಂಬ ಬಿಗಿಹಿಡಿದು, ಅಂಗಿಯ ಎರಡೂ ತೋಳು ಸೇರಿಸಿ ಗಂಟು ಹಾಕಿದ.

"ನೋಡ್ರಿ! ಅದರ ಕಣ್ಣ ಕಟ್ಟೀನಿ! ಇನ್ನ ಯಾರು ತಿರುಗಿದ್ರೂ ಅದಕ್ಕ ಕಾಣಂಗಿಲ್ಲ!"

ಬ್ಯಾಂಡು ನಿಂತಿತು. ಒಂದೊಂದಾಗಿ ಹಾರ್ನುಗಳೂ ನಿಂತವು. ಕಾಣದ ಕ್ಯಾಮೆರಾದ ಮುಂದೆ ತಿರುಗಲು ಯಾರಿಗೂ ಉಮೇದು ಉಳಿಯಲಿಲ್ಲ. ಅಷ್ಟು ಎತ್ತರದಿಂದ ನಿಂಗರಾಜನಿಗೆ ಸರ್ಕಲ್ಲೆಲ್ಲ ಒಂದು ಗಂಟಿನ ಹಾಗೆ ಕಂಡಿತು, ಗಂಟು ಎಲ್ಲಿ ಸಿಕ್ಕಿಕೊಂಡಿದೆ ಎಂಬುದೂ ಕಂಡಿತು.

"ಮಾವಾ!" ಎಂದು ಕೂಗಿದ. "ಹಸರು ಟ್ರ್ಯಾಕ್ಟರ್ ಹಿಂದ ತಗಸ್ರಿ! ಅದರ ಬಾಜೂ ಟಂಟಂ ಎಡಕ್ಕ! ಜೆಸಿಬಿಗೆ ಅಲ್ಲೇ ನಿಲ್ಲಾಕ ಹೇಳ್ರಿ!"

ಗ್ಯಾನಪ್ಪ ಬಾಯಿಂದ ಸೀಟಿ ತೆಗೆದು ಒಮ್ಮೆ ಮೇಲೆ ನೋಡಿದ, ಒಮ್ಮೆ ಆಟೋ ಕಡೆ ನೋಡಿದ. ಆಮೇಲೆ ಟ್ರ್ಯಾಕ್ಟರಿನ ಬಾನೆಟ್ ಮೇಲೆ ಅಂಗೈಯಿಂದ ಬಡಿದು, ಬಸ್ ಸ್ಟ್ಯಾಂಡಿನಲ್ಲಿ ರಿವರ್ಸ್ ಹೇಳುವ ದನಿಯಲ್ಲಿ, "ಬರ್ಲಿ, ಬರ್ಲಿ, ಬರ್ಲಿ... ಹೋಲ್ಡ್!" ಎಂದ. ಮೇಲಿನಿಂದ ಅಳಿಯ ಹೇಳಿದ, ಕೆಳಗಿನಿಂದ ಮಾವ ಸರಿಸಿದ. ಒಂದು ಸಂದು ಬಿಟ್ಟಿತು, ಮತ್ತೊಂದು ಬಿಟ್ಟಿತು. ಇಲಿಯಾಸನ ಆಟೋ ಕನ್ನಡಿ ಮಡಚಿಕೊಂಡು, ಎರಡು ಕಡೆ ಉಜ್ಜಿಕೊಂಡು, ಸರ್ಕಲ್ ದಾಟಿ ಆಸ್ಪತ್ರೆಯ ಕಡೆಗೆ ತಿರುಗಿತು.

ಆ ದಿನ ಮಸ್ಕಿಯಲ್ಲಿ ನಿಜವಾದ ಕೆಲಸವಿದ್ದು ಬಲಕ್ಕೆ ತಿರುಗಿದ್ದು ಅದೊಂದೇ ಗಾಡಿ. ಲೆಕ್ಕಕ್ಕೆ ಸಿಗದೆ ಹೋದದ್ದೂ ಅದೊಂದೇ.

"ರೀ ನಿಂಗರಾಜ! ಕ್ಯಾಮೆರಾಕ್ಕ ಅಂಗಿ ಯಾಕ ತೊಡಸೀರಿ?"

ಕೆಳಗೆ ಅನುಪಮಾ ಮೇಡಂ ನಿಂತಿದ್ದರು. ಪಕ್ಕದಲ್ಲಿ ಹೈವೇ ಸಾಹೇಬರು ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತಿದ್ದರು. ಅವರ ಜೀಪು ಹಿಂದೆ ಲಾರಿಗಳ ನಡುವೆ ಸಿಕ್ಕಿಬಿದ್ದು, ಇಬ್ಬರೂ ನಡೆದು ಬಂದಿದ್ದರು. ಸಾಹೇಬರು ಹಸಿರು ಟ್ರ್ಯಾಕ್ಟರಿನವನನ್ನು ಕೇಳಿದರು, "ಎಲ್ಲಿಗೆ ಹೊರಟಿದ್ದೀರಪ್ಪ?"

"ಎಲ್ಲಿಗೂ ಇಲ್ರೀ ಸರ. ಬಲಕ್ಕ."

"ಬಲಕ್ಕೆ ಏನಿದೆ?"

"ಏನಿಲ್ರೀ. ಅಲ್ಲಿಂದ ಮತ್ತ ಇಲ್ಲಿಗೇ ಬರ್ತೀವ್ರಿ."

ಸಾಹೇಬರು ಮೇಡಂ ಮುಖ ನೋಡಿದರು. ಮೇಡಂ ಕಂಬ ನೋಡಿದರು. ಬನಿಯನ್ನಿನಲ್ಲಿ ಕೆಳಗಿಳಿದ ನಿಂಗರಾಜನ ಸುತ್ತ ಇಡೀ ಊರು ಗುಂಪುಗೂಡಿತು. ಗ್ಯಾನಪ್ಪ ಮುಂದೆ ಬಂದು, "ಸರ, ಇವರು ನಮ್ಮ ಅಳಿಯಾರು, ಕ್ಯಾಮೆರಾದ ಆಫೀ..." ಎಂದು ಆರಂಭಿಸಿದ.

"ಇಲ್ಲ ಮಾವಾ," ಎಂದ ನಿಂಗರಾಜ. ಅಂಗೈ ಉರಿಯುತ್ತಿತ್ತು. "ನಾ ಆಫೀಸರ್ ಅಲ್ಲ. ನನಗ ಅದರಾಗ ಏನೂ ಕಾಣಂಗಿಲ್ಲ. ಕ್ಯಾಮೆರಾ ಕಟ್ಟತೀನಿ, ಬ್ಯಾಟರಿ ಬದಲಸ್ತೀನಿ, ಕಳುವಾಗದಂಗ ಕಾಯ್ತೀನಿ. ಅಷ್ಟ ನನ್ನ ಕೆಲಸ. ಯಾಕ ಹೋಗ್ತಾರ ಅಂತ ಗೊತ್ತಾಕೈತಿ ಅಂದದ್ದು ನಾ ಸೇರಿಸಿದ್ದು. ನೀವು ಕೇಳಾಕತ್ತಿದ್ರಿ, ಅದಕ್ಕ."

ಗ್ಯಾನಪ್ಪನ ಕೈಯಲ್ಲಿದ್ದ ಸೀಟಿ ಹಾಗೇ ಇತ್ತು. ಅವನು ಟವೆಲು ಹೆಗಲಿಗೆ ಹಾಕಿಕೊಂಡು ಆಸ್ಪತ್ರೆಯ ಕಡೆಗೆ ನಡೆದುಬಿಟ್ಟ. ನಿಂಗರಾಜನಿಗೆ ಕೆಲಸ ಹೋಗುವ ಭಯ ಆ ಕ್ಷಣದಲ್ಲಿ ನೆನಪೇ ಇರಲಿಲ್ಲ.

ಮೇಡಂ ನೆನಪು ಮಾಡಿದರು. "ಎರಡು ದಿನದ ಲೆಕ್ಕ ಪೂರ್ತಿ ಹಾಳು. ನಿನ್ನಿ ಊರಾಗ ಯಾರೂ ಇಲ್ಲ, ಇವತ್ತ ಇಡೀ ಜಿಲ್ಲಾ ಇಲ್ಲೇ ಐತಿ. ನಿಮ್ಮನ್ನ ತಗೀಬೇಕಂತ ಜೀಪಿನ್ಯಾಗ ಕುಂತು ಮಾತೆಲ್ಲಾ ಜೋಡಿಸಿಟ್ಟಿದ್ದೆ."

ಹೈವೇ ಸಾಹೇಬರು ಅಷ್ಟು ಹೊತ್ತು ಆಸ್ಪತ್ರೆಯ ದಾರಿಯನ್ನೇ ನೋಡುತ್ತಿದ್ದರು. "ಲೆಕ್ಕ ಇನ್ನೊಮ್ಮೆ ಮಾಡಿಸಿ," ಎಂದರು. "ಆದರೆ ಆ ಆಟೋ ಹೋದದ್ದನ್ನ ನಾನು ನೋಡಿದೆ. ಇಲ್ಲಿ ದಾರಿ ಮುಚ್ಚೋ ಮಾತಿಲ್ಲ." ಆಮೇಲೆ ನಿಂಗರಾಜನ ಮೊಣಕಾಲು ನೋಡಿ, "ಅದಕ್ಕೆ ಏನಾದರೂ ಹಚ್ಚಿಸಿ" ಎಂದು ಸೇರಿಸಿದರು.

ಮೇಡಂ ನಿಟ್ಟುಸಿರು ಬಿಟ್ಟರು. "ಮಸ್ಕಿ ಲೆಕ್ಕ ಆಮ್ಯಾಲ ಮಾಡೋಣು. ಹೋಗ್ರಿ, ನಾಳಿ ಲಿಂಗಸುಗೂರಿಗೆ ಹೋಗಿ ಕಂಬ ನೋಡ್ರಿ. ಯಾರರ ಕೇಳಿದ್ರ ಗಾಡಿ ಎಣಿಸಾಕ ಅನ್ರಿ. ಅದರ ಮುಂದ ಒಂದ ಅಕ್ಷರ ಬ್ಯಾಡ."

ಹಾಜಿಸಾಬ ಉಳಿದ. ಮಸ್ಕಿ ಆಸ್ಪತ್ರೆಯಲ್ಲಿ ಸೂಜಿ ಹಾಕಿ, ಅಂಬುಲೆನ್ಸಿನಲ್ಲಿ ಲಿಂಗಸುಗೂರಿಗೆ ಕಳಿಸಿದರು. ಸರಿಯಾದ ಹೊತ್ತಿಗೆ ತಂದಿರಿ ಎಂದು ಅಲ್ಲಿನ ಡಾಕ್ಟರು ಇಲಿಯಾಸನಿಗೆ ಹೇಳಿದರಂತೆ. ಸಂಜೆ ಎಚ್ಚರಾದಾಗ ಹಾಜಿಸಾಬ ಮೊದಲು ಕೇಳಿದ್ದು ಮಂಚದ ಕಾಲು ಯಾರು ಮಾಡಿಸಿಕೊಡುತ್ತಾರೆ ಎಂದು. ಅಲ್ಲಿಗೆ ಎಲ್ಲರಿಗೂ ಧೈರ್ಯ ಬಂತು.

ನಿಂಗರಾಜ ಆ ಸಂಜೆ ಮಾವನ ಮನೆಗೆ ಹೋಗಲಿಲ್ಲ. ಕ್ಯಾಮೆರಾ ಇಳಿಸಿ ಚೀಲಕ್ಕೆ ಹಾಕಿ, ಹರಿದ ಅಂಗಿಯನ್ನೇ ತೊಟ್ಟು, ದುರುಗೇಶನ ಹೋಟೆಲಿನ ಹಿಂದಿನ ಗೋಡೆಗೆ ಒರಗಿ ಬಸ್ಸಿಗೆ ಕಾಯುತ್ತಿದ್ದ. ಮುಂದಿನ ಕಡೆ ಗ್ಯಾನಪ್ಪ ಬಂದು ಬೆಂಚಿನ ಮೇಲೆ ಕೂತದ್ದು ಅವನಿಗೆ ಕೇಳಿಸಿತು. ದುರುಗೇಶನೇ ಮೊದಲು ಬಾಯಿ ಬಿಟ್ಟ.

"ಗ್ಯಾನಪ್ಪಣ್ಣ, ನಿಮ್ಮ ಅಳಿಯ ಆಫೀಸರ್ ಅಲ್ಲಂತಲ್ಲ?"

ಯಾರೋ ಕಿಸಕ್ಕೆಂದರು. ಗೋಡೆಯಾಚೆ ನಿಂಗರಾಜ ಕಣ್ಣು ಮುಚ್ಚಿದ. ಬಸಿಯಿಂದ ಚಹಾ ಸೊರಕ್ಕನೆ ಖಾಲಿಯಾದ ಸದ್ದು, ಆಮೇಲೆ ಬಸಿ ಕಲ್ಲಿನ ಮೇಲೆ ಕೂತ ಸದ್ದು.

"ಆಫೀಸರ್ ಆಗಿದ್ರ," ಎಂದ ಗ್ಯಾನಪ್ಪ, "ಕಂಬ ಏರ್ತಿದ್ದಿಲ್ಲೋ ದುರುಗ್ಯಾ. ಕೆಳಗ ನಿಂತು ಫೋನ್ ಮಾಡ್ತಿದ್ದ."